ಇಳಿತವಿಲ್ಲದ ಉಪ್ಪು

ಸುತ್ತ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲದಲ್ಲಿ, ಹೂಗ್ಲಿ ನದಿಯ ದಂಡೆಯ ಬಾರಾನಗರದ ಬಾಡಿಗೆ ಮನೆ ಬಿಟ್ಟು ಮಗಳು ಸೆಕ್ಟರ್ ಫೈವ್ ಹತ್ತಿರ ಒಂಬತ್ತನೇ ಮಹಡಿಯ ಫ್ಲ್ಯಾಟು ತೆಗೆದುಕೊಂಡಳು. ಅವಳಿಗೂ ಅಳಿಯನಿಗೂ ಬ್ಯಾಂಕು, ಮೊಮ್ಮಗಳಿಗೆ ಕಾಲೇಜು, ನನಗೆ ಬಾಲ್ಕನಿಯ ಸರಳು. ಕೆಳಗಿಳಿಯಲು ನನಗಿದ್ದ ನೆಪ ಒಂದೇ. ಹಿಂದಿನ ಗೇಟು ದಾಟಿದರೆ ತೋಡು, ಇಲ್ಲಿಯವರ ಬಾಯಲ್ಲಿ ಖಾಲ್. ಅದರ ದಂಡೆಯಲ್ಲಿ ಬಸಳೆ ಚಪ್ಪರ ಹಾಕಿದ್ದೆ.

ನಮ್ಮ ಕಟ್ಟಡಗಳ ಕೊಳೆನೀರನ್ನು ಯಂತ್ರದಲ್ಲಿ ಶುದ್ಧ ಮಾಡಿ ಕೊಳವೆಯಿಂದ ಅದೇ ತೋಡಿಗೆ ಬಿಡುತ್ತಿದ್ದರು. ನೋಡಲು ತಿಳಿ, ನಾತವೂ ಇಲ್ಲ. ಕೊಳವೆಯ ಬಾಯಿಗೇ ಬಕೆಟ್ ಹಿಡಿಯುತ್ತಿದ್ದೆ. ಮಳೆಗಾಲದಲ್ಲಿ ಬಸಳೆ ಹುಚ್ಚು ಹಿಡಿದ ಹಾಗೆ ಬೆಳೆಯಿತು. ಮಳೆ ನಿಂತ ಮೇಲೆ ಎಲೆಯ ಅಂಚು ಸುಟ್ಟಿತು, ಬುಡದಲ್ಲಿ ಬಿಳಿ ಹುಡಿ ಕೂತಿತು. ತೋಡಿನಲ್ಲೂ ಕೊಳವೆಯಿಂದ ಕೆಳಗೆ ಪಾಚಿ ಕಂಬಳಿ ಹೊದ್ದಂತೆ ಹಬ್ಬಿ ಮೀನು ಸತ್ತು ತೇಲಿದವು.

ನಮ್ಮೂರಿನಲ್ಲಿ ಬೇಸಿಗೆಯ ಉಬ್ಬರಕ್ಕೆ ಸಮುದ್ರ ಹೊಳೆಯೊಳಗೆ ಏರಿ ಬಾವಿಯೂ ಉಪ್ಪಾಗುತ್ತದೆ. ಗಿಡಕ್ಕೆ ಹೊಯ್ಯುವ ಮೊದಲು ಹೆಂಗಸರು ನೀರನ್ನು ನಾಲಿಗೆಗೆ ತಾಗಿಸಿ ಉಗಿಯುತ್ತಾರೆ. ನಾನೂ ಉಗಿದೆ. ಉಪ್ಪು! ಹೂಗ್ಲಿಯ ಉಬ್ಬರ ಇಲ್ಲಿಗೂ ಬಂತು, ಇಳಿತದಲ್ಲಿ ಹಿಡಿದರಾಯಿತು ಎಂದುಕೊಂಡು ಹೊತ್ತು ಬದಲಿಸಿ ಬದಲಿಸಿ ಹೋಗಿ ನಾಲಿಗೆ ತಾಗಿಸತೊಡಗಿದೆ.

"ಮಾಶಿಮಾ, ಓ ಜಲ್ ಖಾಬೇನ್ ನಾ!" ಆ ನೀರು ಕುಡಿಯಬೇಡಿ ಎಂದು ಕಾವಲುಗಾರ ತನ್ನ ಭಾಷೆಯಲ್ಲಿ ಕಿರುಚಿದ. ಮುದುಕಿ ಕಕ್ಕಸಿನ ನೀರು ಕುಡಿಯುತ್ತಾಳೆಂದು ಸಂಜೆ ಮಗಳಿಗೆ ದೂರು ಹೋಯಿತು.

"ನಿಂಗೆ ತಲೆ ಸಮ ಉಂಟಾ ಅಮ್ಮ?"

"ಕುಡಿದದ್ದಲ್ಲ ಮಾರಾಯ್ತಿ, ಉಗಿದದ್ದು. ಉಬ್ಬರದ ಉಪ್ಪು ಅದು, ಇಳಿತಕ್ಕೆ ಹೋಗ್ತದೆ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜೀ, ಪೈಪಲ್ಲಿ ಉಬ್ಬರ ಬರ್ತದಾ? ಅದು ನಮ್ದೇ ಸಾಲ್ಟ್. ಬೋರ್ ನೀರು ಸಾಫ್ಟ್ ಮಾಡ್ಲಿಕ್ಕೆ ಮೂಟೆಗಟ್ಲೆ ಉಪ್ಪು ಹಾಕ್ತಾರಲ್ಲ! ಪ್ಲಾಂಟ್ ಗಲೀಜು ತೆಗೀತದೆ, ಉಪ್ಪು ತೆಗಿಯೂದಿಲ್ಲ. ಗೊಬ್ಬರದ ಅಂಶನೂ ನೀರಲ್ಲೇ ಉಳೀತದೆ, ಅದಕ್ಕೇ ಪಾಚಿ. ಪಾಚಿ ಕೊಳೆತ್ರೆ ಆಕ್ಸಿಜನ್ ಖಾಲಿ, ಮಛಲಿ ಖತಂ."

"ಹಾಗಾದ್ರೆ ಇಳಿತ ಯಾವಾಗ?"

"ಇಳಿತ ಇಲ್ಲ ಅಜ್ಜಿ. ಡೈಲಿ ಬರ್ತದೆ. ಮಳೆ ಬಂದ್ರೆ ಸ್ವಲ್ಪ ತೆಳು ಆಗ್ತದೆ, ಅಷ್ಟೆ."

ಮಗಳಿಗೆ ಇದು ಯಾವುದೂ ಬೇಕಿರಲಿಲ್ಲ. ನನಗೆ ಹಿಂದಿನ ಗೇಟು ತೆಗೆಯಬಾರದೆಂದು ಕಾವಲುಗಾರನಿಗೆ ಹೇಳಿಟ್ಟಳು.

"ಮಳೆ ಬಂದ ಮೇಲೆ ಬಿಡ್ತಿಯಾ?" ಎಂದು ಕೇಳಿದೆ.

"ಎಂತಕ್ಕೆ? ಜಾರಿ ಬೀಳ್ಲಿಕ್ಕಾ?"

ಮಳೆಗಾಲ ಬರುವಷ್ಟರಲ್ಲಿ ಚಪ್ಪರದಲ್ಲಿ ಒಣಗಿದ ಬಳ್ಳಿ ಮಾತ್ರ ಉಳಿದಿತ್ತು. ಮಳೆ ಬಂತು, ಗೇಟು ತೆರೆಯಲಿಲ್ಲ. ಈಗಲೂ ಬೆಳಿಗ್ಗೆ ಮಗಳು ಬಚ್ಚಲಿಗೆ ಹೋದಾಗ ನಾನು ಬಾಲ್ಕನಿಯಲ್ಲಿ ನಿಂತು ಕೊಳವೆಯ ಬಾಯಿ ನೋಡುತ್ತೇನೆ. ಎಲ್ಲ ಮನೆಗಳವರ ಸ್ನಾನ ಮುಗಿಯುವ ಹೊತ್ತಿಗೆ ಅದು ನಮ್ಮ ಉಪ್ಪನ್ನು ಹೊತ್ತು ದಪ್ಪಗೆ ಸುರಿಯುತ್ತದೆ. ಆಮೇಲೆ ನಾನೂ ಹೋಗಿ ಸ್ನಾನ ಮಾಡುತ್ತೇನೆ.