ಸೀರೆಗಳ ನಡುವಿನ ಸೋಪು

ಇವತ್ತು ಮಗಳು ಬೆಳ್ತಂಗಡಿ ಪೇಟೆಯಿಂದ ಗುಲಾಬಿ ಪರಿಮಳದ ಸೋಪು ತಂದಳು. ಮೂಗಿನ ಹತ್ತಿರ ಹಿಡಿದದ್ದಷ್ಟೇ, ವಾಮದಪದವಿನ ನಮ್ಮ ಹಳೆಯ ಮನೆಯ ಜಗಲಿಗೆ ಹೋಗಿಬಿಟ್ಟೆ.

ಅಲ್ಲಿ ನನ್ನ ತಾಯಿ, ಉಮ್ಮ, ಮತ್ತು ಪಕ್ಕದ ಮನೆಯ ಐಸಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದರು. ಇಬ್ಬರ ಕೆಲಸವೂ ಒಂದೇ, ಸಂಪಾದನೆಯೂ ಒಂದೇ. ದುಬೈಯಿಂದ ಬಂದ ಮಾಮ ಇಬ್ಬರಿಗೂ ಒಂದೊಂದು ಸೋಪು ಕೊಟ್ಟರು. ಐಸಮ್ಮ ಅದೇ ಸಂಜೆ ಮಿಂದು ಘಮಘಮಿಸುತ್ತ ಬಂದು ಕೂತರು. ಉಮ್ಮ ತನ್ನದನ್ನು ಪೆಟ್ಟಿಗೆಯಲ್ಲಿ, ಸೀರೆಗಳ ನಡುವೆ ಇಟ್ಟರು. ನನ್ನ ತಂದೆ ತೀರಿಕೊಂಡ ಮೇಲೆ ಅವರು ಯಾವ ಒಳ್ಳೆಯ ವಸ್ತುವನ್ನೂ ಬಂದ ದಿನವೇ ಮುಟ್ಟಿದವರಲ್ಲ.

"ಹಾಕಿ ಮೀಯಿ ಮಾರಾಯ್ತಿ. ನಾಳೆಯದ್ದು ಯಾರಿಗೆ ಗೊತ್ತುಂಟು?" ಎಂದು ಐಸಮ್ಮ ನಕ್ಕರು.

"ಇರ್ಲಿ, ಇವಳ ಮದುವೆಗೆ ಬೇಕಾಗ್ತದೆ" ಎಂದು ಉಮ್ಮ ನನ್ನತ್ತ ತೋರಿಸಿದರು.

ಒಮ್ಮೆ ತುತ್ತು ಕೊಡಲು ಬಂದ ಉಮ್ಮನ ಕೈಯನ್ನು ನಾನು ದೂಡಿದ್ದೆ. "ಹೊಗೆಸೊಪ್ಪಿನ ವಾಸನೆ, ನನಗೆ ಬೇಡ." ಉಮ್ಮ ಎದ್ದು ಹೋಗಿ ಬೂದಿಯಲ್ಲಿ ಕೈ ತಿಕ್ಕಿ ತೊಳೆದು ಬಂದರು. ಪೆಟ್ಟಿಗೆ ತೆರೆಯಲಿಲ್ಲ.

ನನ್ನ ಮದುವೆಗೆ ಮುಂಚೆಯೇ ಉಮ್ಮ ಹೋದರು. ಮಯ್ಯತ್ತನ್ನು, ಉಮ್ಮನ ದೇಹವನ್ನು, ಮೀಯಿಸಲು ಬಂದ ಐಸಮ್ಮ, "ಸೋಪು ಉಂಟಾ ಮಗಳೇ?" ಎಂದು ಕೇಳಿದರು. ನಾನೇ ಪೆಟ್ಟಿಗೆ ತೆರೆದು ಕೊಟ್ಟೆ. ಉಮ್ಮನ ಆ ಕೈಗಳಿಗೆ ಮೊದಲ ಬಾರಿಗೆ ಗುಲಾಬಿಯ ಪರಿಮಳ ಬಂತು.

ಈಗ ನನಗೆ ತಿಂಗಳ ಸಂಬಳವಿದೆ, ಯಾವುದಕ್ಕೂ ಕೊರತೆಯಿಲ್ಲ. ಆದರೂ "ಉಮ್ಮಾ, ಸೋಪು ಎಲ್ಲುಂಟು?" ಎಂದು ಮಗಳು ಬಚ್ಚಲಿನಿಂದ ಕೂಗಿದಾಗ ನೋಡುತ್ತೇನೆ, ನಾನು ಕಪಾಟಿನ ಮುಂದೆ ನಿಂತಿದ್ದೇನೆ. ಸೋಪು ಆಗಲೇ ಸೀರೆಗಳ ನಡುವೆ ಸೇರಿದೆ.