ಇಸ್ಪೀಟೆಲೆ ಹಂಚುತ್ತಿದ್ದ ಆಂಟಿ

ಎದುರು ಫ್ಲ್ಯಾಟಿನ ಆಂಟಿ ಯಾವ ಕೆಲಸ ಮುಗಿಸಿದರೂ ಎರಡೂ ಅಂಗೈಗಳನ್ನು ಹಗುರವಾಗಿ ತಟ್ಟಿ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ತಿರುಗಿಸಿ ಆಮೇಲೆಯೇ ಅಲ್ಲಿಂದ ಏಳುತ್ತಿದ್ದರು. ರೊಟ್ಟಿ ಬಡಿದ ಮೇಲೂ ಹಾಗೆ, ದೇವರಿಗೆ ದೀಪ ಹಚ್ಚಿದ ಮೇಲೂ ಹಾಗೆ. ಧಾರವಾಡದ ಕಡೆಯ ಯಾವುದೋ ರೂಢಿಯಿರಬೇಕು ಎಂದುಕೊಂಡು ಕೇಳಿದರೆ ನಕ್ಕುಬಿಟ್ಟರು. ಸೆಂಟ್ರಲ್ ಲಂಡನ್ನಿನ ಒಂದು ಕ್ಯಾಸಿನೊದಲ್ಲಿ ಅವರು ಇಸ್ಪೀಟೆಲೆ ಹಂಚುವ ಡೀಲರ್ ಆಗಿದ್ದರಂತೆ. ಮೇಜು ಬಿಟ್ಟು ಹೊರಡುವಾಗ ಕೈಯಲ್ಲಿ ಏನೂ ಇಲ್ಲವೆಂದು ಮೇಲಿನ ಕ್ಯಾಮೆರಾಕ್ಕೆ ತೋರಿಸಲೇಬೇಕು. ರಿಟೈರಾದರೂ ಕೈಗೆ ಅದು ಮರೆತಿರಲಿಲ್ಲ.

ಡಾಕ್ಟರ ಹೆಂಡತಿಯಾಗಿ ಈ ದೇಶಕ್ಕೆ ಬಂದವರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಕೆಲಸ ಹುಡುಕುವಾಗ ಕ್ಯಾಸಿನೊದವರು ತಾವೇ ತರಬೇತಿ ಕೊಡುತ್ತೇವೆಂದರು, ಇವರು ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದರು, ಸೇರಿಕೊಂಡರು. ತವರಿನವರಿಗೆ ಹೋಟೆಲಿನಲ್ಲಿ ಕೆಲಸ ಎಂದಷ್ಟೇ ಹೇಳಿದ್ದರು. ಇಲ್ಲಿನ ಕನ್ನಡದವರಿಗೆ ವಿಷಯ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಏನೂ ಅನ್ನದಿದ್ದರೂ ಸತ್ಯನಾರಾಯಣ ಪೂಜೆಗೆ ಕರೆಯುವಾಗ ಇವರ ಹೆಸರು ಹೇಗೋ ಬಿಟ್ಟುಹೋಗುತ್ತಿತ್ತು.

ಒಮ್ಮೆ ದೀಪಾವಳಿಯ ಊಟಕ್ಕೆ ಸೇರಿದ್ದಾಗ ಗಂಡಸರು ಇಸ್ಪೀಟು ಹರಡಿಕೊಂಡು ಕೂತು, ಬ್ಲ್ಯಾಕ್‌ಜಾಕ್‌ನಲ್ಲಿ ಗೆಲ್ಲುವ ಗುಟ್ಟು ಹೇಳಿ ಎಂದು ಇವರನ್ನು ಕೆಣಕಿದರು. ಆಂಟಿ ಬೇಜಾರು ಮಾಡಿಕೊಳ್ಳದೆ ಬಿಡಿಸಿ ಹೇಳಿದರು. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬಂದವರು ಗೆಲ್ಲುತ್ತಾರೆ, ದಾಟಿದವರು ಸೋಲುತ್ತಾರೆ. ಡೀಲರಿಗೆ ಸ್ವಂತ ಬುದ್ಧಿಯೇ ಬೇಕಿಲ್ಲ: ಹದಿನಾರಾದರೆ ಎಲೆ ತೆಗೆಯಬೇಕು, ಹದಿನೇಳಾದರೆ ನಿಲ್ಲಿಸಬೇಕು. ಹಾಗಾದರೆ ಕ್ಯಾಸಿನೊಗೆ ಲಾಭ ಎಲ್ಲಿಂದ ಎಂದು ಯಾರೋ ಕೇಳಿದರು.

“ಮೊದಲ ಆಡವ್ರು ನೀವು. ನೀವೂ ದಾಟಿದ್ರಿ, ಆಮ್ಯಾಲೆ ನಾನೂ ದಾಟಿದೆ ಅನ್ರಿ. ಇಬ್ಬರೂ ಮುಳುಗಿದಂಗ ಆತಲ್ಲಾ? ಆದ್ರ ನೀವು ಇಟ್ಟದ್ದನ್ನ ನಾ ಆಗಲೇ ಎಳಕೊಂಡಿರ್ತೀನಿ. ಇಷ್ಟೇರಿ ಗುಟ್ಟು.”

ನಾವು ಲಂಡನ್ನಿನ ಅಂಚಿನ ಎಜ್‌ವೇರ್‌ಗೆ ಬಂದು ಕೆಲವು ವರ್ಷ ಕಳೆದಿದ್ದವು. ಒಂದು ಸಂಜೆ ಆಂಟಿ ಬಾಗಿಲು ತಟ್ಟಿದರು. ಯಾವಾಗಲೂ ಬಾಗಿಲಲ್ಲೇ ನಿಂತು ತಿಂಡಿಯ ಡಬ್ಬಿ ಕೊಟ್ಟು ಹೋಗುವವರು ಅಂದು ಒಳಗೆ ಬಂದು ಕೂತರು.

“ನಿನ್ನ ಗಂಡ ಫೋನ್‌ನಾಗ ರೊಕ್ಕ ಕಟ್ಟಿ ಬ್ಲ್ಯಾಕ್‌ಜಾಕ್ ಆಡ್ಲಿಕ್ಕತ್ತಾನವಾ. ಟ್ಯೂಬ್ ರೈಲಿನಾಗ ಬಾಜೂಕೇ ಕೂತಿದ್ದೆ, ನಾ ಕೂತದ್ದೂ ಅವಗ ಗೊತ್ತಾಗಲಿಲ್ಲ. ಇದು ಇವತ್ತಿಂದಲ್ಲ. ಬೆರಳು ನೋಡಿದ್ರ ನನಗ ತಿಳೀತದ.”

ಅವನು ಕೆಲವು ತಿಂಗಳಿಂದ ಊಟಕ್ಕೆ ಕರೆದರೂ ಕೇಳಿಸದವನಂತೆ ಇರುತ್ತಿದ್ದ. ಆಫೀಸಿನ ಒತ್ತಡ ಎಂದು ನಾನು ನಂಬಿದ್ದೆ.

ಆ ಭಾನುವಾರ ಆಂಟಿ ಹೊಸ ಇಸ್ಪೀಟು ಕಟ್ಟು ಮತ್ತು ಪಣಕ್ಕಿಡಲು ಒಂದು ಬಟ್ಟಲು ಕಡಲೆಕಾಳು ತಂದು ನಮ್ಮ ಊಟದ ಮೇಜಿಗೆ ಕೂತರು. ನನ್ನ ಗಂಡ ನಾಚಿಕೆಯಿಂದ ಸಿಡುಕಿದ, ಆಮೇಲೆ ಬಂದು ಎದುರು ಕೂತ. ಬೆಳಿಗ್ಗೆ ಕಾಳೆಲ್ಲ ಅವನ ಕಡೆ ಹರಿದು ಬಂದವು. ಮುಖ ಅರಳಿತು. ಆಂಟಿ ಎಲೆ ಹಾಕುತ್ತಲೇ ಹೋದರು. ಊಟವಾಯಿತು, ಚಹಾ ಆಯಿತು. ಸಂಜೆಯಷ್ಟೊತ್ತಿಗೆ ಅವನ ಮುಂದೆ ಒಂದು ಕಾಳೂ ಉಳಿದಿರಲಿಲ್ಲ.

“ಇವತ್ತ ನೀ ಗೆದ್ದೂ ಏಳಬಹುದಿತ್ತು ತಮ್ಮಾ,” ಎಂದರು. “ಅದೇ ಕೆಟ್ಟದ್ದು. ಯಾವಾಗಲೂ ಸೋತಿದ್ರ ಯಾರೂ ಎರಡನೇ ಸಲ ಬರ್ತಿರಲಿಲ್ಲ.”

ಅವನು ಮುಖ ಮುಚ್ಚಿಕೊಂಡು ಅತ್ತ. ಆ ವಾರವೇ ಇಬ್ಬರೂ ಜಿ.ಪಿ., ಅಂದರೆ ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೋದೆವು. ಬಿಡಿಸಿಕೊಳ್ಳುವುದು ಸುಲಭವಾಗಲಿಲ್ಲ, ನಡುವೆ ಎರಡು ಸಲ ಜಾರಿದ. ಆದರೂ ಬಿಟ್ಟ.

ಬೇರೆಯವರಾಗಿದ್ದರೆ ನಮಗ್ಯಾಕೆ ಎಂದು ಸುಮ್ಮನಿರುತ್ತಿದ್ದರು, ನೀವು ಹೇಗೆ ಹೇಳಿದಿರಿ ಎಂದು ಎಷ್ಟೋ ದಿನಗಳ ಮೇಲೆ ಕೇಳಿದೆ. ಆಗ ಆಂಟಿ ಲಂಡನ್ನಿನದೇ ಪಿನ್ನರ್‌ನ ಡಾಕ್ಟರೊಬ್ಬರ ವಿಷಯ ತೆಗೆದರು. ಮೈಸೂರಿನವರು, ಆಂಟಿಯ ಗಂಡನ ಕಾಲದಿಂದ ಪರಿಚಯ. ಒಂದು ಮಧ್ಯಾಹ್ನ ಅವರು ಕ್ಯಾಸಿನೊದಲ್ಲಿ ಇವರ ಮೇಜಿಗೇ ಬಂದು ಕೂತರು. ಪರಿಚಯದವರಿಗೆ ಎಲೆ ಹಾಕುವಂತಿಲ್ಲ ಎಂಬುದು ನಿಯಮ. ಆಂಟಿ ಮೇಲಿನವರಿಗೆ ಹೇಳಿದರು, ಅವರು ಇವರನ್ನು ಬೇರೆ ಮೇಜಿಗೆ ಕಳಿಸಿದರು. ಡಾಕ್ಟರು ಮಾತ್ರ ಅಲ್ಲೇ ಕೂತು ಆಡಿದರು, ವಾರ ವಾರವೂ ಬಂದರು. ಸ್ವಲ್ಪ ದಿನಕ್ಕೆ ಅವರ ಹೆಂಡತಿ ಇವರ ಮನೆಗೇ ಬಂದು, ನಮ್ಮವರು ಅಲ್ಲಿಗೆ ಬರುತ್ತಾರಾ ಎಂದು ಕೇಳಿದರು. ಬರುವವರ ಸುದ್ದಿ ಹೊರಗೆ ಆಡಬಾರದು ಎಂಬುದೂ ನಿಯಮವೇ. ಆಂಟಿ ಇಲ್ಲ ಎಂದರು.

“ಹೇಳಲಿಕ್ಕೆ ಬರಂಗಿಲ್ಲ ಅಂದಿದ್ರೂ ಆಕಿಗೆ ತಿಳೀತಿತ್ತು. ನಾ ಇಲ್ಲ ಅಂದುಬಿಟ್ಟೆ.”

ಒಂದೆರಡು ವರ್ಷದಲ್ಲಿ ಪಿನ್ನರ್‌ನ ಮನೆ ಹೋಯಿತು, ಸಂಸಾರ ಒಡೆಯಿತು. ಡಾಕ್ಟರು ಇಂಗ್ಲೆಂಡಿನ ಉತ್ತರದ ಯಾವುದೋ ಊರಿಗೆ ಹೋಗಿ ಯಾರಿಗೂ ಸಿಗದಂತಾದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮೈಸೂರು ಸೇರಿದರು. ರಿಟೈರಾದ ವರ್ಷ ಆಂಟಿ ಮೈಸೂರಿಗೆ ಹೋಗಿ ಅವರೆದುರು ಕೂತು ನಿಜ ಹೇಳಿದರು. ಆಕೆ ಕೂಗಾಡಲಿಲ್ಲವಂತೆ. ಕಾಫಿ ಮಾಡಿ ಕೊಟ್ಟು, “ನೀವು ಇಲ್ಲ ಅಂದ್ರಲ್ಲ, ಅವತ್ತು ಮನೆಗೆ ಹೋಗಿ ಅವರ ಹತ್ತಿರ ಕ್ಷಮೆ ಕೇಳಿದೆ, ಅನುಮಾನ ಪಟ್ಟೆ ಅಂತ,” ಎಂದರಂತೆ.

ಆಕೆ ಬೈದಿದ್ದರೆ ಒಳ್ಳೆಯದಿತ್ತು ಎಂದು ಮಾತ್ರ ಆಂಟಿ ಕೊನೆಗೆ ಹೇಳಿದರು.

ಹೋದ ಚಳಿಗಾಲ ಆಂಟಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಲ್ಲಿ ಮಾತು ತೊದಲುತ್ತಿದ್ದರೂ ಮೈಸೂರಿನ ಆಕೆಗೆ ಫೋನ್ ಹಚ್ಚಿಕೊಡು ಎಂದು ಕೇಳಿದರು. ಹಚ್ಚಿದೆ. ಆ ಕಡೆ ಯಾರೂ ಎತ್ತಲಿಲ್ಲ. ನಾಳೆ ಮಾಡೋಣ ಎಂದೆ. ನಾಳೆಯ ಹೊತ್ತಿಗೆ ಅವರಿರಲಿಲ್ಲ.

ಎಲ್ಲ ಮುಗಿದ ಮೇಲೆ ನಾನೇ ಆ ನಂಬರಿಗೆ ಮತ್ತೆ ಮಾಡಿದೆ. ಈ ಸಲ ಆಕೆ ಎತ್ತಿದರು. ನಾನು ಯಾರು, ನನ್ನ ಗಂಡನ ಜೂಜು ಬಿಡಿಸಲು ಆಂಟಿ ಏನು ಮಾಡಿದ್ದರು ಎಂಬುದನ್ನೆಲ್ಲ ಹೇಳಿ, ಅವರು ಹೋದ ಸುದ್ದಿ ತಿಳಿಸಿದೆ.

“ನಿಮಗೆ ಸರಿಯಾದ ಹೊತ್ತಿಗೆ ಹೇಳಿದ್ರಾ?” ಎಂದು ಆಕೆ ಕೇಳಿದರು.

ಹೇಳಿದರು ಎಂದೆ.

“ಸದ್ಯ,” ಎಂದು ಫೋನ್ ಇಟ್ಟರು.