ತೆಳ್ಳಗೆ ಮಾಡಿ ಕಳಿಸಿದ ಫೋಟೋ

ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಆ ವರ್ಷ ಅವ್ವ ತೋರಿಸಿದ ಹುಡುಗಿಯರ ಫೋಟೋಗಳಿಗೂ ಒಂದು ಪುಟವಿತ್ತು. ಎಲ್ಲದರ ಮುಂದೆಯೂ 'ಬೇಡ'. ಕಾರಣದ ಜಾಗ ಖಾಲಿ. ಮೈ ತುಂಬಿಕೊಂಡ, ದಪ್ಪಗಿರುವ ಹೆಂಗಸರೇ ನನಗೆ ಚೆಂದ ಕಾಣುತ್ತಾರೆ ಎಂದು ಅವ್ವನಿಗೆ ಹೇಗೆ ಹೇಳುವುದು?

ಯಾಕೆ ಹೀಗೆ ಎಂದು ತಿಳಿಯಲು ಮನಃಶಾಸ್ತ್ರದ ಲೇಖನಗಳನ್ನು ಓದಿದೆ. ಮಗುವಾಗಿದ್ದಾಗ ಸಿಕ್ಕ ಮೆತ್ತನೆಯ ಮಡಿಲಿನ ನೆನಪು ಎಂದಿತು ಒಂದು. ನಮ್ಮವ್ವ ಹಪ್ಪಳದಷ್ಟು ತೆಳ್ಳಗೆ. ಹಸಿವು ಕಂಡವರಿಗೆ ತುಂಬಿದ ಮೈ ಸಮೃದ್ಧಿಯಂತೆ ಕಾಣುತ್ತದೆ ಎಂದಿತು ಇನ್ನೊಂದು. ನಾನು ಬೆಳೆದದ್ದು ದಿನಕ್ಕೆ ನಾಲ್ಕು ಸಲ ತಿನ್ನಿಸುವ ಮನೆಯಲ್ಲಿ. ಎರಡಕ್ಕೂ ಅಡ್ಡಗೆರೆ ಎಳೆದೆ.

ಆಗ ಘಾಟ್ಕೋಪರಿನಲ್ಲಿ ನೆಲೆಸಿದ್ದ ಧಾರವಾಡದ ಕಡೆಯವರಿಂದ ಒಂದು ಫೋಟೋ ಬಂತು. ಹುಡುಗಿ ಕಡ್ಡಿಯಂತಿದ್ದಳು. ಬೇಡ ಎಂದೆ.

"ಬರ್ತೀವಿ ಅಂತ ಹೇಳೇನಿ. ಒಂದ್ ಕಪ್ ಚಾ ಕುಡದು ಬರೂಣು, ನಡಿ" ಎಂದು ಅವ್ವ ಚೆಂಬೂರಿನ ನಮ್ಮ ಮನೆಯಿಂದ ಹೊರಡಿಸಿದಳು.

ಅವಲಕ್ಕಿಯ ತಾಟು ಹಿಡಿದು ಒಳಗಿನಿಂದ ಬಂದವಳನ್ನು ನೋಡಿ, ತಾಟಿಗೆ ಚಾಚಿದ ನನ್ನ ಕೈ ಅಲ್ಲೇ ನಿಂತಿತು. ಫೋಟೋದವಳಂಥ ಇಬ್ಬರನ್ನು ಸೇರಿಸಿದರೂ ಇವಳಿಗೆ ಸಾಲದು. ಅವಳ ತಾಯಿ ಅವಸರದಿಂದ, "ಮದುವಿ ಅನ್ನೂದ್ರಾಗ ಇಳಿಸ್ತಾಳ್ರಿ, ಜಿಮ್ಮಿಗೆ ಹಚ್ಚೇವಿ" ಎಂದರು. ಅವ್ವ ಚಹಾದ ಕಪ್ಪಿನೊಳಗೇ ನೋಡುತ್ತ ಕುಳಿತಳು. ನಮ್ಮಿಬ್ಬರನ್ನು ಮಾತಾಡಲು ಹೊರಗಿನ ಗ್ಯಾಲರಿಗೆ ಕಳಿಸಿದರು.

"ಫೋಟೋದ್ದು ಸಾರಿ ಹಾಂ" ಎಂದಳು ಅವಳು. "ನಮ್ಮ ಅಣ್ಣಾ ಮೊಬೈಲ್‌ನ್ಯಾಗ ಪತಲಾ ಮಾಡ್ಯಾನ. ನೀವು ಬ್ಯಾಡ ಅಂದುಬಿಡ್ರಿ, ಚಲೇಗಾ."

"ಆ ಫೋಟೋಕ್ಕ ನಾ ಮೊದಲ ಬ್ಯಾಡ ಅಂದಿದ್ದೆ."

"ಅದಕ್ಕೂ?" ಅವಳ ಮುಖ ಬಾಡಿತು.

ಈಗ ಹೇಳದಿದ್ದರೆ ಇವಳು ಕೈತಪ್ಪುತ್ತಾಳೆ. "ಭಾಳ ತೆಳ್ಳಗ ಇದ್ರಿ ಅದರಾಗ. ನನಗ ದಪ್ಪ ಇದ್ದವರ ಸೇರ್ತಾರ್ರಿ."

ಚೇಷ್ಟೆ ಇರಬಹುದೇ ಎಂದು ಅವಳು ನನ್ನನ್ನು ದಿಟ್ಟಿಸಿದಳು. "ಎಲ್ಲಾ ದಪ್ಪನವರೂ? ನಮ್ಮ ಚಿಗವ್ವ, ಮೌಶಿನೂ ನಡೀತಾಳೇನು? ಒಳಗ ಕುಂತಾಳ, ಕರೀಲಾ?"

ಅಂಥ ಪ್ರಶ್ನೆಗೂ ಕ್ರಮವಾಗಿ ಉತ್ತರ ಹುಡುಕುವವನು ನಾನು. ಒಂದು ಕ್ಷಣ ಯೋಚಿಸಿಯೇ ಬಿಟ್ಟೆ. ಅವಳು ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾಳೆ ಜಡ್ಡಾಗಿ ನಾ ಸಣ್ಣಾದ್ರ?" ಎಂದಳು.

ಓದಿದ ಯಾವ ಲೇಖನದಲ್ಲೂ ಇದು ಇರಲಿಲ್ಲ. "ಗೊತ್ತಿಲ್ರಿ" ಎಂದೆ. "ಆದ್ರ ಈಗ ನೀವು ನಕ್ರಲ್ಲ, ಅದು ಸಣ್ಣಾಗೂದಿಲ್ಲ ಅನಸ್ತದ."

"ಡಯಲಾಗ್ ಬ್ಯಾಡ. ರವಿವಾರ ಪಾರ್ಲೆ ಸ್ಟೇಶನ್ನಿಗೆ ಬರ್ರಿ, ಮೈ ಬಿಟ್ಟು ಬ್ಯಾರೆ ಏನರ ಮಾತಾಡಾಕ ಬರ್ತದೇನು ನೋಡ್ತೀನಿ."

ಒಳಗೆ ಬಂದಾಗ ಅವಳ ತಾಯಿ ಹೆದರಿಕೊಂಡೇ ಕೇಳಿದರು: "ಏನಂದ್ರವಾ ಅವರು?"

"ಅವರು ಹೂಂ ಅಂದಾರ, ಆಯಿ. ನಾನೇ ಇನ್ನೂ ವಿಚಾರ ಮಾಡಬೇಕು."

ನಯವಾಗಿ ಬೇಡ ಎನ್ನಲು ಸಿದ್ಧಳಾಗಿದ್ದ ಅವ್ವ ತಟ್ಟನೆ ನೆಟ್ಟಗಾದಳು. "ವಿಚಾರ ಮಾಡೂವಂಥಾದ್ದು ನನ್ನ ಮಗಗ ಏನಾಗೇದವಾ?"

"ಏನಿಲ್ರಿ ಆಂಟಿ. ಸ್ವಲ್ಪ ಭಾಳ ಸಣ್ಣ ಅದಾರ."

ಅವಳ ತಾಯಿ ಕೂಡಲೇ ಎದ್ದು ನನ್ನ ತಾಟಿಗೆ ಇನ್ನೊಂದು ಸೌಟು ಅವಲಕ್ಕಿ ಬಡಿಸಿದರು.